ಮೊಮ್ಮಗನ ಕೈಗೆ ಟ್ಯಾಬ್ ಕೊಡಬಹುದೇ?

ಸಂಪಾದಕರ ಉತ್ತರ

(ಪತ್ರದ ಸಾರ: ಮಂಡ್ಯದ ನಿವೃತ್ತ ನೌಕರರೊಬ್ಬರ ಆರು ವರ್ಷದ ಮೊಮ್ಮಗನಿಗೆ ಆಟಿಸಂ ಇದೆ, ಮಾತು ಬಂದಿಲ್ಲ. ವಾಕ್ ಚಿಕಿತ್ಸಕರ ಸಲಹೆಯಂತೆ ಸೊಸೆ ಟ್ಯಾಬ್ ತಂದಿದ್ದಾರೆ. ಅದರಲ್ಲಿ ಚಿತ್ರ ಒತ್ತಿದರೆ ಆ ಮಾತನ್ನು ಟ್ಯಾಬ್ ಗಟ್ಟಿಯಾಗಿ ಹೇಳುತ್ತದೆ. “ಮಕ್ಕಳ ಕೈಗೆ ಮೊಬೈಲ್ ಕೊಡಬೇಡಿ ಎಂದು ನಿಮ್ಮ ಪತ್ರಿಕೆಯೇ ಬರೆದಿತ್ತು. ಈ ಮಗುವಿಗೆ ಮಾತ್ರ ಅದು ಔಷಧಿಯಾಗುವುದು ಹೇಗೆ? ಚಿತ್ರ ಒತ್ತುವುದು ರೂಢಿಯಾದರೆ ಬಾಯಿಬಿಟ್ಟು ಮಾತನಾಡುವುದೇ ತಪ್ಪಿಹೋಗುವುದಿಲ್ಲವೇ?” ಎಂದು ಅವರು ಕೇಳಿದ್ದಾರೆ.)

ಮಾನ್ಯರೇ,

ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ನಿಮ್ಮ ನಿದ್ದೆಗೆಡಿಸಿರುವುದು ಅದೇ ಎಂದು ಪತ್ರ ಓದಿದ ಯಾರಿಗಾದರೂ ತಿಳಿಯುತ್ತದೆ. ಚಿತ್ರ ಒತ್ತಿದರೆ ಮಾತು ಸಾಯುವುದಿಲ್ಲ. ಈ ಭಯ ಹಳೆಯದು, ಸಂಶೋಧಕರು ಅದನ್ನು ಒರೆಗೆ ಹಚ್ಚಿಯೂ ಆಗಿದೆ. 2006ರಲ್ಲಿ ಮಿಲ್ಲರ್, ಲೈಟ್ ಮತ್ತು ಶ್ಲೋಸರ್ ಅದುವರೆಗಿನ ಅಧ್ಯಯನಗಳನ್ನು ಜಾಲಾಡಿದರು. ಗಟ್ಟಿ ಪುರಾವೆಯಿದ್ದ ಪ್ರಕರಣಗಳಲ್ಲಿ ಒಂದರಲ್ಲೂ ಇದ್ದ ಮಾತು ಕಡಿಮೆಯಾಗಿರಲಿಲ್ಲ. ಬಹುಪಾಲು ಮಂದಿಯಲ್ಲಿ ಅಷ್ಟಿಷ್ಟು ಹೆಚ್ಚಿತ್ತು. 2014ರಲ್ಲಿ ಅಮೆರಿಕದ ಕೋನಿ ಕಸಾರಿ ಮತ್ತು ಸಂಗಡಿಗರು ಐದರಿಂದ ಎಂಟು ವರ್ಷದೊಳಗಿನ, ಮಾತು ತೀರಾ ಕಡಿಮೆಯಿದ್ದ 61 ಆಟಿಸಂ ಮಕ್ಕಳ ಅಧ್ಯಯನ ಪ್ರಕಟಿಸಿದರು. ಆಟದ ಮೂಲಕ ಕಲಿಸುವ ಚಿಕಿತ್ಸೆ ಎಲ್ಲರಿಗೂ ಒಂದೇ ಆಗಿತ್ತು. ಅದರ ಜೊತೆಗೆ ಮೊದಲಿನಿಂದಲೇ ಮಾತನಾಡುವ ಸಾಧನವೂ ಸಿಕ್ಕ ಮಕ್ಕಳು ತಾವಾಗಿಯೇ ಹೇಳಿಕೊಳ್ಳುವುದರಲ್ಲಿ ಮುಂದಿದ್ದರು. ‘ಅಷ್ಟಿಷ್ಟು’ ಎಂದೆ, ಗಮನಿಸಿ. ಟ್ಯಾಬ್ ಬಂದೊಡನೆ ಹುಡುಗ ಅರಳು ಹುರಿದಂತೆ ಮಾತನಾಡುತ್ತಾನೆ ಎಂದು ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ.

ಪತ್ರದಲ್ಲಿ ನೀವು ಅರ್ಧ ಸಾಲಿನಲ್ಲಿ ದಾಟಿಸಿಬಿಟ್ಟ ಒಂದು ಸಂಗತಿ ನನಗೆ ಮುಖ್ಯವೆನಿಸಿತು. ಏನಾದರೂ ಬೇಕಾದಾಗ ಅವನು ನಿಮ್ಮ ಮಣಿಕಟ್ಟು ಹಿಡಿದು ಫ್ರಿಜ್ ಬಳಿಗೆ ಎಳೆದೊಯ್ದು, ನಿಮ್ಮ ಕೈಯನ್ನು ಅದರ ಬಾಗಿಲ ಮೇಲೆ ಇಡುತ್ತಾನೆ. ನೀವು ಮಜ್ಜಿಗೆ, ಬಾಳೆಹಣ್ಣು, ಹಾಲು ಎಂದು ಒಂದೊಂದನ್ನೇ ತೆಗೆದು ತೋರಿಸುತ್ತೀರಿ. ನಾಲ್ಕನೆಯದಕ್ಕೆ ಅವನು ಕಿರುಚಿ ನೆಲಕ್ಕೆ ಬೀಳುತ್ತಾನೆ. ಅಂದರೆ ಹೇಳುವುದು ಅವನಲ್ಲಿ ಬೇಕಾದಷ್ಟಿದೆ. ಕಣ್ಣೆದುರು ಇರುವುದನ್ನಾದರೂ ಹೀಗೆ ಕೇಳಬಹುದು. ಹೊಟ್ಟೆ ನೋಯುತ್ತಿದೆ, ಟಿವಿ ಸದ್ದು ಜೋರಾಯಿತು, ಅಪ್ಪ ಯಾವಾಗ ಬರುತ್ತಾರೆ ಎಂಬುದನ್ನೆಲ್ಲ ಯಾರ ಮಣಿಕಟ್ಟು ಹಿಡಿದು ಹೇಳಬೇಕು?

ಪರದೆ ಕೆಲಸಕ್ಕೆ ಬರುವುದು ಇಲ್ಲಿ. ಮೌಸ್ ಬಳಸುವಾಗ ಕೈ ಮೇಜಿನ ಮೇಲೆ, ಬಾಣದ ಗುರುತು ಬೇರೆಲ್ಲೋ. ಇವೆರಡನ್ನೂ ಜೋಡಿಸುವುದೇ ಕೆಲವು ಮಕ್ಕಳಿಗೆ ದೊಡ್ಡ ಕೆಲಸ. ಪರದೆಯಲ್ಲಿ ಬೆರಳಿಟ್ಟ ಜಾಗದಿಂದಲೇ ಧ್ವನಿ ಬರುತ್ತದೆ, ಪ್ರತಿ ಸಲವೂ ಅದೇ ಧ್ವನಿ. ಸೆರೆಬ್ರಲ್ ಪಾಲ್ಸಿಯಿಂದ ಕೈ ನಡುಗುವ ಮಕ್ಕಳಿಗೆ ಪರದೆಯ ಮೇಲೆ ತೂತುಗಳಿರುವ ಫಲಕ ಕೂರಿಸುತ್ತಾರೆ, ಬೆರಳು ಪಕ್ಕದ ಚಿತ್ರಕ್ಕೆ ಜಾರುವುದಿಲ್ಲ.

ಇನ್ನು ನಿಮ್ಮ ಮೊದಲ ಪ್ರಶ್ನೆ. ನಮ್ಮ ಲೇಖನ ಹೇಳಿದ್ದು ಕುಳಿತು ನೋಡುವ ಪರದೆಯ ಬಗ್ಗೆ. ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದೂ ಅದನ್ನೇ. ಆ ಮಾತು ನಿಮ್ಮ ಮನೆಗೂ ಅನ್ವಯಿಸುತ್ತದೆ: ಮಾತಿನ ಟ್ಯಾಬ್‌ನಲ್ಲಿ ಯೂಟ್ಯೂಬ್ ಇರಕೂಡದು. ಐಪ್ಯಾಡ್‌ನಲ್ಲಿ ‘ಗೈಡೆಡ್ ಆಕ್ಸೆಸ್’, ಆಂಡ್ರಾಯ್ಡ್‌ನಲ್ಲಿ ‘ಆ್ಯಪ್ ಪಿನ್ನಿಂಗ್’ (ಹಳೆಯವುಗಳಲ್ಲಿ ‘ಸ್ಕ್ರೀನ್ ಪಿನ್ನಿಂಗ್’) ಎಂಬ ಸೌಲಭ್ಯವಿದೆ. ತೆರೆದ ಆ್ಯಪ್ ಬಿಟ್ಟು ಹುಡುಗ ಆಚೆ ಹೋಗದಂತೆ ಬೀಗ ಹಾಕಬಹುದು. ಹಾಗೆಂದು ಗಂಟೆ ಲೆಕ್ಕ ಹಾಕಿ ಈ ಟ್ಯಾಬನ್ನು ಬೀರುವಿನಲ್ಲಿ ಇಡಬೇಡಿ. ‘ಕಬ್ಬಿನ ಹಾಲು’ ಎಂಬ ಚಿತ್ರವನ್ನು ಬೆಳಗಿನಿಂದ ಸಂಜೆಯವರೆಗೆ ಒತ್ತಿ ತಲೆ ತಿಂದರೂ ಕಿತ್ತುಕೊಳ್ಳಬೇಡಿ. ಅದು ಮಾತನಾಡುವವನ ಬಾಯಿಗೆ ಬಟ್ಟೆ ತುರುಕಿದಂತೆ. “ಈಗ ಇಲ್ಲ, ನಾಳೆ” ಎಂದರಾಯಿತು. ಅವನು ‘ಬೇಡ’ ಎಂಬುದನ್ನು ಒತ್ತಿದಾಗ ಕೈಲಾದಷ್ಟೂ ಮನ್ನಿಸಿ. ‘ಬೇಡ’ ಎಂದದ್ದಕ್ಕೆ ಬೆಲೆಯೇ ಇಲ್ಲವೆಂದಾದರೆ ಹಳೆಯ ಕಿರುಚಾಟವೇ ವಾಸಿ ಎಂದು ಅವನು ತೀರ್ಮಾನಿಸುತ್ತಾನೆ, ತಪ್ಪೇನಿಲ್ಲ.

ಆ್ಯಪ್‌ನಲ್ಲಿ ಬರುವ ಸಿದ್ಧ ಚಿತ್ರಗಳಲ್ಲಿ ಪ್ಯಾನ್‌ಕೇಕ್ ಇದ್ದರೆ ತೆಗೆದುಹಾಕಿ. ನಿಮ್ಮ ಮನೆಯ ತಟ್ಟೆ, ಮುದ್ದೆ, ಅವನ ನೀಲಿ ಲೋಟ, ನಿಮ್ಮ ಮುಖ, ಇವುಗಳ ಫೋಟೊ ಹಾಕಿ. ಬೇಕು, ಬೇಡ, ಸಾಕು, ಇನ್ನೂ, ಬಾ, ನೋವು ಎಂಬಂಥ ದಿನನಿತ್ಯದ ಮಾತುಗಳ ಜಾಗವನ್ನು ಮಾತ್ರ ಒಮ್ಮೆ ಇಟ್ಟ ಮೇಲೆ ಕದಲಿಸಬೇಡಿ. ಬೆರಳು ಜಾಗ ನೆನಪಿಟ್ಟುಕೊಂಡು ಹೋಗುತ್ತದೆ. ಅವೇ ಚಿತ್ರಗಳನ್ನು ಮುದ್ರಿಸಿ, ಲ್ಯಾಮಿನೇಟ್ ಮಾಡಿಸಿ ಇನ್ನೊಂದು ಪ್ರತಿ ಇಟ್ಟುಕೊಳ್ಳಿ. ಕರೆಂಟು ಹೋದ ದಿನ, ಜಾತ್ರೆಗೆ ಹೋದ ದಿನ ಬೇಕಾಗುತ್ತದೆ.

ಇನ್ನೂ ದುಬಾರಿ ಆ್ಯಪ್ ಕೊಳ್ಳುವ ಮುನ್ನ ಮೈಸೂರಿಗೆ ಬನ್ನಿ. ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ 1965ರಿಂದ ಇದೇ ಕೆಲಸದಲ್ಲಿದೆ, ಕೇಂದ್ರ ಸರ್ಕಾರದ್ದು. ಹುಡುಗನ ಕೈ, ಕಣ್ಣು, ಕಿವಿ, ತಿಳಿವಳಿಕೆ ನೋಡಿ ಎಷ್ಟು ಚಿತ್ರ, ಎಷ್ಟು ದೊಡ್ಡದು ಎಂದು ಹೇಳಬೇಕಾದವರು ಪರಿಣತರು, ಅಂಗಡಿಯವರಲ್ಲ. ಐಐಟಿ ಬಾಂಬೆಯವರ ‘ಜೆಲ್ಲೋ’ ಆ್ಯಪ್ ಉಚಿತ. ಚೆನ್ನೈಯಲ್ಲಿ ರೂಪುಗೊಂಡ ‘ಆವಾಜ್’ ಇದೆ. ಯಾವುದು ಸರಿ ಎಂದು ಅಲ್ಲಿಯೇ ಕೇಳಿ.

ಶಾಲೆಯಲ್ಲಿ ಟ್ಯಾಬ್ ಬ್ಯಾಗಿನಿಂದ ಹೊರತೆಗೆಯಲು ಬಿಡುತ್ತಿಲ್ಲ ಎಂದಿದ್ದೀರಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಸಂವಹನವೆಂದರೆ ಬಾಯಿಮಾತೊಂದೇ ಅಲ್ಲ, ಇಂಥ ಪರ್ಯಾಯ ವಿಧಾನಗಳೂ ಸೇರಿವೆ. ಅವುಗಳ ಬಳಕೆಗೆ ಉತ್ತೇಜನ ಕೊಡಬೇಕೆಂದು 17ನೇ ಸೆಕ್ಷನ್ ಹೇಳುತ್ತದೆ. ಚಿಕಿತ್ಸಕರಿಂದ ಒಂದು ಪತ್ರ ಬರೆಸಿ ಮುಖ್ಯೋಪಾಧ್ಯಾಯರಿಗೆ ಕೊಡಿ. ಜಗಳ ಆಮೇಲೆ ಆಡಬಹುದು.

ಕೊನೆಯಲ್ಲಿ “ಈ ವಯಸ್ಸಿನಲ್ಲಿ ನನ್ನಿಂದೇನಾದೀತು” ಎಂದು ಬರೆದಿದ್ದೀರಿ. ಸೊಸೆ ಅಡುಗೆಯಲ್ಲಿರುವಾಗ ಹುಡುಗನ ಜೊತೆ ಇರುವವರು ನೀವೇ ಅಲ್ಲವೇ? “ಇದೇನು ತೋರಿಸು, ಅದೇನು ಹೇಳು” ಎಂದು ಪರೀಕ್ಷೆ ಮಾಡಬೇಡಿ. ಮಜ್ಜಿಗೆ ಕುಡಿಯುವಾಗ ನೀವೇ ‘ಮಜ್ಜಿಗೆ’, ‘ಬೇಕು’ ಒತ್ತಿ, ಬಾಯಲ್ಲೂ ಹೇಳಿ, ಕುಡಿಯಿರಿ. ಅವನು ಒತ್ತಲಿ, ಬಿಡಲಿ, ಮರುದಿನವೂ ಹಾಗೆಯೇ ಮಾಡಿ.