ಗಾಡಿ ಕೆಎ-23, ಗ್ಯಾರೇಜು ಕೊಲ್ಹಾಪುರದ್ದು

ನಿಪ್ಪಾಣಿಯಂಥ ಗಡಿ ಊರಿನವರು ಗಾಡಿಯ ಎಫ್‌ಸಿಗೆ (ಫಿಟ್‌ನೆಸ್ ಪ್ರಮಾಣಪತ್ರಕ್ಕೆ) ಯಾವ ರಾಜ್ಯಕ್ಕೆ ಹೋಗುತ್ತೀರಿ, ಮಹಾರಾಷ್ಟ್ರದ ಗ್ಯಾರೇಜಿನಲ್ಲಿ ತಯಾರಿ ಮಾಡಿಸಿದರೆ ಕರ್ನಾಟಕದಲ್ಲಿ ನಡೆಯುತ್ತದೆಯೇ ಎಂದು ಕೇಳಿದ್ದೀರಿ. ನಡೆಯುತ್ತದೆ. ಇನ್‌ಸ್ಪೆಕ್ಟರ್ ನೋಡುವುದು ಗಾಡಿಯನ್ನು. ನಟ್ಟು ಬಿಗಿದ ಕೈ ಯಾವ ರಾಜ್ಯದ್ದು ಎಂದು ಯಾರೂ ಕೇಳುವುದಿಲ್ಲ.

ನಮ್ಮೂರು ನಿಪ್ಪಾಣಿ ಇರುವ ಜಾಗವೇ ಹಾಗೆ. ಕೊಗನೊಳಿ ದಾಟಿದರೆ ಮಹಾರಾಷ್ಟ್ರದ ಕಾಗಲ. ಜಿಲ್ಲಾ ಕೇಂದ್ರ ಬೆಳಗಾವಿ ಸುಮಾರು 75 ಕಿಮೀ, ಕೊಲ್ಹಾಪುರ ಸುಮಾರು 40. ಬಿಡಿಭಾಗ ಬೇಕೆಂದರೂ ಲೇತ್ ಕೆಲಸ ಇದೆಯೆಂದರೂ ನಾವು ಹೋಗುವುದು ಕೊಲ್ಹಾಪುರದ ಉದ್ಯಮನಗರಕ್ಕೇ. ನೋಂದಣಿ ಮಾತ್ರ ಚಿಕ್ಕೋಡಿ ಆರ್‌ಟಿಒದ್ದು, ಕೆಎ-23. ಹೀಗಾಗಿ ಕೆಲಸ ಆ ಕಡೆ, ಕಾಗದ ಈ ಕಡೆ.

ನಮ್ಮದು ಹಳೆಯ ಟಾಟಾ ಏಸ್. ತರಕಾರಿ, ಬೆಲ್ಲ, ಮದುವೆ ಸಾಮಾನು, ಏನು ಸಿಕ್ಕರೂ ಹೇರುತ್ತೇವೆ. ಬಾಡಿಗೆಗೆ ಓಡುವ ಗಾಡಿ ಎಂಟು ವರ್ಷ ದಾಟುವವರೆಗೆ ಎರಡು ವರ್ಷಕ್ಕೊಮ್ಮೆ ಪಾಸಿಂಗ್, ಅಂದರೆ ಎಫ್‌ಸಿ ತಪಾಸಣೆ, ಆದರೆ ಸಾಕು. ದಾಟಿದ ಮೇಲೆ ಪ್ರತಿ ವರ್ಷ. ಒಟ್ಟು ತೂಕ 3,000 ಕಿಲೋ ಮೀರದ ಸರಕು ಗಾಡಿಗೆ ಪರ್ಮಿಟ್ ಬೇಕಿಲ್ಲ, ಆದ್ದರಿಂದ ದಿನಾ ಗಡಿ ದಾಟುವ ನಮ್ಮಂಥವರಿಗೆ ಎಫ್‌ಸಿಯೇ ದೊಡ್ಡ ಕಾಗದ. ಚಿಕ್ಕೋಡಿಯಲ್ಲಿ ಕೊಟ್ಟ ಎಫ್‌ಸಿ ದೇಶದ ತುಂಬ ನಡೆಯುತ್ತದೆ. ಅವಧಿ ಮುಗಿದ ಮೇಲೆ ಹೋದರೆ ದಿನಕ್ಕೆ 50 ರೂಪಾಯಿಯಂತೆ ಹೆಚ್ಚುವರಿ ಶುಲ್ಕ ಬೀಳುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ಎಫ್‌ಸಿ ಇಲ್ಲದ ಗಾಡಿ ಅಪಘಾತಕ್ಕೆ ಸಿಕ್ಕರೆ ವಿಮೆಯವರ ಜೊತೆ ವರ್ಷಗಟ್ಟಲೆ ಜಗ್ಗಾಡಬೇಕು.

ತಯಾರಿ ಎಂದರೆ ಬಹಳ ಜನಕ್ಕೆ ಮೊದಲು ನೆನಪಾಗುವುದು ಪೇಂಟು. ಖಂಡೇನವಮಿಗೆ ಹೇಗೂ ಬಣ್ಣ ಹೊಡೆಸುತ್ತೇವೆ, ಅದರ ಜೊತೆಗೇ ಪಾಸಿಂಗ್ ಮುಗಿಸಿದರಾಯಿತು ಎಂಬ ಲೆಕ್ಕ. ನಾನು ಇದನ್ನು ಒಪ್ಪುವುದಿಲ್ಲ. ಆ ವಾರ ಪೇಂಟರೂ ಸಿಗುವುದಿಲ್ಲ, ಮಿಸ್ತ್ರಿಯೂ ಸಿಗುವುದಿಲ್ಲ. ಸಿಕ್ಕರೂ ಗಡಿಬಿಡಿಯಲ್ಲಿ ಮೇಲುಮೇಲಿನ ಕೆಲಸವೇ ಆಗುತ್ತದೆ. ಅವಧಿ ಮುಗಿಯಲು ಒಂದು ತಿಂಗಳಿರುವಾಗ ಶುರುಮಾಡಿ, ಮೊದಲು ಬ್ರೇಕ್ ಬಿಚ್ಚಿಸಿ. ಆರ್‌ಟಿಒ ಇನ್‌ಸ್ಪೆಕ್ಟರನ್ನು ನಮ್ಮ ಹಳಬರು ಇಂದಿಗೂ ಬ್ರೇಕ್ ಇನ್‌ಸ್ಪೆಕ್ಟರ್ ಎಂದೇ ಕರೆಯುತ್ತಾರೆ.

ಇಲ್ಲಿಯ ಬ್ರೇಕಿಗೆ ಇಲ್ಲಿಯದೇ ಕಾಯಿಲೆ ಇದೆ. ವೇದಗಂಗಾ, ದೂಧಗಂಗಾ ತುಂಬಿದರೆ ಹೊಲದ ರಸ್ತೆಗಳೆಲ್ಲ ನೀರು. 2019ರ ಆಗಸ್ಟ್‌ನಲ್ಲಿ, ಮತ್ತೆ 2021ರ ಜುಲೈಯಲ್ಲಿ ಯಮಗರ್ಣಿ ಹತ್ತಿರ ಹೆದ್ದಾರಿಯ ಮೇಲೇ ನದಿ ಹರಿದು ಸಂಚಾರ ನಿಂತಿತ್ತು. ಅಷ್ಟು ನೆರೆ ಬರದ ವರ್ಷವೂ ಮಳೆಗಾಲದಲ್ಲಿ ಕಪ್ಪು ಮಣ್ಣಿನ ರಾಡಿ ಹಿಂದಿನ ಡ್ರಮ್ಮಿನೊಳಗೆ ಹೋಗಿ ಲೈನರ್ ಜೊತೆ ಕಲಸಿ ಕೂರುತ್ತದೆ. ಒಣಗಿದ ಮೇಲೆ ಬ್ರೇಕ್ ಹಿಡಿಯುತ್ತದೆ, ಆದರೆ ಒಂದೇ ಕಡೆ ಹಿಡಿಯುತ್ತದೆ. ಖಾಲಿ ಗಾಡಿಯಲ್ಲಿ ಇದು ತಿಳಿಯುವುದೇ ಇಲ್ಲ. ಲೋಡ್ ಹಾಕಿ ತವಂದಿ ಘಾಟ್ ಇಳಿಯುವಾಗ ಸ್ಟೇರಿಂಗ್ ಒಂದು ಬದಿಗೆ ಎಳೆದರೆ ಆಗ ಗೊತ್ತಾಗುತ್ತದೆ. ಆದ್ದರಿಂದ ಡ್ರಮ್ ಬಿಚ್ಚಿಸಿ ತೊಳೆಸಿ, ಲೈನರ್ ಅರ್ಧ ಸವೆದಿದ್ದರೂ ಎರಡೂ ಬದಿ ಒಟ್ಟಿಗೆ ಬದಲಾಯಿಸಿ, ವೀಲ್ ಸಿಲಿಂಡರಿನಲ್ಲಿ ಎಣ್ಣೆ ಜಿನುಗುತ್ತಿದೆಯೇ ನೋಡಿಸಿ. ಮುಂದಿನ ಡಿಸ್ಕ್ ಪ್ಯಾಡು, ಹ್ಯಾಂಡ್‌ಬ್ರೇಕಿನ ಕೇಬಲ್ಲು ಅದೇ ದಿನ ಮುಗಿಯಲಿ. ಹ್ಯಾಂಡ್‌ಬ್ರೇಕ್ ಕೆಟ್ಟರೆ ಚಕ್ರಕ್ಕೆ ಕಲ್ಲು ಕೊಟ್ಟು ವರ್ಷಗಟ್ಟಲೆ ಓಡಿಸುವವರಿದ್ದಾರೆ. ಪಾಸಿಂಗ್ ದಿನ ಕಲ್ಲು ನಡೆಯುವುದಿಲ್ಲ.

ಗಾಡಿ ಬಿಚ್ಚಿದಾಗಲೇ ಪಾಟಾ (ಲೀಫ್ ಸ್ಪ್ರಿಂಗ್) ನೋಡಿಸಿಬಿಡಿ. ಒಂದು ಎಲೆ ಸೀಳಿದ್ದರೆ ಗಾಡಿ ಒಂದು ಬದಿಗೆ ಕುಳಿತಿರುತ್ತದೆ. ಕೊಲ್ಹಾಪುರದ ನಮ್ಮ ಮಿಸ್ತ್ರಿ ಮರಾಠಿಯವ. ಗಾಡಿಯ ಕೆಳಗಿನಿಂದಲೇ ಕೂಗುತ್ತಾನೆ: “ಕಾಕಾ, ಪಾಟಾ ಒಡದೈತಿ, ಕಿಂಗ್‌ಪಿನ್ ಆಡಾಕತ್ತೈತಿ, ಗ್ರೀಸ್ ಕಾಣ್ದ ಎಷ್ಟ ದಿನಾ ಆತು?” ನಾನು ಮರಾಠಿಯಲ್ಲಿ ಉತ್ತರಿಸುತ್ತೇನೆ. ಇಬ್ಬರೂ ಎದುರಿನವನ ಭಾಷೆಯಲ್ಲೇ ಮಾತಾಡುವುದು ಇಲ್ಲಿ ದಿನದ ಮಾತು. ಹೀಗಾಗಿ ಮರಾಠಿ ಬಾರದೆ ಕೆಲಸ ಕೆಡುತ್ತದೆ ಎಂಬ ಭಯ ನಿಮಗೆ ಬೇಡ.

ಬ್ರೇಕಿನ ನಂತರ ಲೈಟು. ಇದನ್ನು ನಾನು ಒತ್ತಿ ಹೇಳುತ್ತೇನೆ. ದೀಪಾವಳಿ ಸುಮಾರಿಗೆ ಕಬ್ಬಿನ ಹಂಗಾಮು ಶುರುವಾಗುತ್ತದೆ. ನಿಪ್ಪಾಣಿಯ ಹಾಲಸಿದ್ಧನಾಥ, ಸಂಕೇಶ್ವರದ ಹಿರಣ್ಯಕೇಶಿ, ಕಾಗಲದ ಶಾಹು ಕಾರ್ಖಾನೆಗಳಿಗೆ ಹಗಲು ರಾತ್ರಿ ಕಬ್ಬು ಹೋಗುತ್ತದೆ. ಒಂದು ಟ್ರ್ಯಾಕ್ಟರಿಗೆ ಎರಡು ಟ್ರಾಲಿ, ಹಿಂದೆ ದೀಪವಿಲ್ಲ. ಇದ್ದ ರಿಫ್ಲೆಕ್ಟರನ್ನೂ ಜೋತುಬಿದ್ದ ಕಬ್ಬಿನ ರವದಿ (ಒಣಗರಿ) ಮುಚ್ಚಿರುತ್ತದೆ. ಪಂಕ್ಚರ್ ಆದರೆ ರಸ್ತೆ ಬದಿಯಲ್ಲೇ ಕತ್ತಲಲ್ಲಿ ನಿಂತಿರುತ್ತದೆ. ಅದರ ಹಿಂಬದಿಗೆ ಗುದ್ದಿ ಸತ್ತವರ ಮನೆಗಳು ಪ್ರತಿ ಹಂಗಾಮಿನಲ್ಲೂ ಹೆಚ್ಚಾಗುತ್ತಿವೆ. ಹೆಡ್‌ಲೈಟಿನ ಗಾಜು ಹಳದಿ ತಿರುಗಿದ್ದರೆ ಉಜ್ಜಿಸಿ ಅಥವಾ ಬದಲಾಯಿಸಿ, ಬೆಳಕು ರಸ್ತೆಯ ಮೇಲೆ ಬೀಳುವಂತೆ ಹೊಂದಿಸಿ. ಬ್ರೇಕ್ ಲೈಟು, ನಾಲ್ಕೂ ಇಂಡಿಕೇಟರು, ರಿವರ್ಸ್ ಲೈಟು, ನಂಬರ್ ಪ್ಲೇಟಿನ ಮೇಲಿನ ಸಣ್ಣ ಬಲ್ಬು, ಎಲ್ಲವನ್ನೂ ಹಿಂದೆ ಒಬ್ಬರನ್ನು ನಿಲ್ಲಿಸಿ ನೋಡಿ. ಹೊಳೆಯುವ ಟೇಪು ಮುಂದೆ ಬಿಳಿ, ಬದಿಗೆ ಹಳದಿ, ಹಿಂದೆ ಕೆಂಪು. ಅಗ್ಗದ ಟೇಪು ಮೊದಲ ಮಳೆಗೇ ಏಳುತ್ತದೆ, ನಾಲ್ಕು ಕಾಸು ಹೆಚ್ಚಾದರೂ ಪ್ರಮಾಣಿತ ಟೇಪನ್ನೇ ಹಾಕಿಸಿ. ನಮ್ಮಂಥ ಗಾಡಿಗಳೂ ಅದೇ ಕತ್ತಲಲ್ಲಿ ಯಾರದೋ ಮುಂದೆ ಓಡುತ್ತಿರುತ್ತವೆ.

ಟೈರಿನ ಗ್ರಿಪ್ಪಿನ ಆಳ ನಾಲ್ಕು ಚಕ್ರದ ಗಾಡಿಗೆ 1.6 ಮಿಮೀಗಿಂತ ಕಡಿಮೆ ಇರಬಾರದು, ಸ್ಟೆಪ್ನಿಯನ್ನೂ ಮರೆಯಬೇಡಿ. ಹೊಗೆ ಪರೀಕ್ಷೆಗೆ ಮೊದಲು ಏರ್ ಫಿಲ್ಟರ್ ಬದಲಾಯಿಸಿದರೆ ಡೀಸೆಲ್ ಗಾಡಿಗೆ ಬಹುಪಾಲು ತೊಂದರೆ ಇರುವುದಿಲ್ಲ. ವೈಪರ್, ಕನ್ನಡಿ, ಪ್ರಥಮ ಚಿಕಿತ್ಸೆ ಡಬ್ಬಿ, ತ್ರಿಕೋನದ ರಿಫ್ಲೆಕ್ಟರ್ ಇರಲಿ. ಹಾಡಿನ ಹಾರ್ನ್ ಇದ್ದರೆ ತೆಗೆಸಿ. ಕೊನೆಗೆ ಹೌದಾ, ಅಂದರೆ ಸರಕು ಹೇರುವ ಬಾಡಿ: ತಗಡು ತುಕ್ಕು ಹಿಡಿದು ತೂತಾಗಿದ್ದರೆ ವೆಲ್ಡಿಂಗು, ಹಿಂದಿನ ಫಾಳಕಾದ (ಬಾಗಿಲಿನ) ಕೊಂಡಿ ಸಡಿಲಿದ್ದರೆ ರಿಪೇರಿ. ಇಷ್ಟೆಲ್ಲ ಆದ ಮೇಲೆ ದುಡ್ಡು ಉಳಿದರೆ ಪೇಂಟು.

ಹೌದಾದ ಮೇಲಿನ ಬರಹಕ್ಕೆ ಯಾರ ಅಡ್ಡಿಯೂ ಇಲ್ಲ. ನಮ್ಮ ಗಾಡಿಗಳ ಮುಂದೆ ಕನ್ನಡದಲ್ಲಿ ಯಲ್ಲಮ್ಮ, ಹಿಂದೆ ಮರಾಠಿಯಲ್ಲಿ ಜ್ಯೋತಿಬಾ ಇರುವುದು ಸಾಮಾನ್ಯ. ನಂಬರ್ ಪ್ಲೇಟಿನ ಮೇಲೆ ಮಾತ್ರ ಕನ್ನಡ ಅಂಕಿಯೂ ಬೇಡ, ದೇವನಾಗರಿ ಅಂಕಿಯೂ ಬೇಡ. ಅತಿ ಸುರಕ್ಷಿತ ಪ್ಲೇಟನ್ನೇ (ಎಚ್‌ಎಸ್‌ಆರ್‌ಪಿ) ಹಾಕಿಸಿ.

ಕಾಗದಗಳಲ್ಲಿ ವಿಮೆ, ತೆರಿಗೆ, ಹೊಗೆ ಪ್ರಮಾಣಪತ್ರ ಮೂರೂ ಚಾಲ್ತಿಯಲ್ಲಿವೆಯೇ ನೋಡಿಕೊಂಡೇ ಪರಿವಾಹನ್ ಜಾಲತಾಣದಲ್ಲಿ ಅರ್ಜಿ ಹಾಕಿ, ಶುಲ್ಕ ಕಟ್ಟಿ. ಗಡಿಯವರು ಇನ್ನೊಂದು ನೋಡಬೇಕು: ಕೊಲ್ಹಾಪುರದ ಸಿಗ್ನಲ್ಲಿನಲ್ಲಿ ಬಿದ್ದ ದಂಡ ಮಹಾರಾಷ್ಟ್ರ ಪೊಲೀಸರ ಚಲನ್ ತಾಣದಲ್ಲಿರುತ್ತದೆ. ಎರಡೂ ರಾಜ್ಯದ್ದನ್ನು ತೆರೆದು ನೋಡಿ, ಬಾಕಿ ಇದ್ದರೆ ಕಟ್ಟಿಬಿಡಿ. ಚಾಸಿ ನಂಬರಿನ ಮೇಲೆ ಮಣ್ಣು, ಗ್ರೀಸು ಕೂತಿದ್ದರೆ ಸೀಮೆಎಣ್ಣೆ ಹಾಕಿ ತಿಕ್ಕಿ ತೆಗೆಯಿರಿ, ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ತೆಗೆಯುವ ಪ್ರಿಂಟು ಸ್ಪಷ್ಟ ಬರಬೇಕು. ಪೇಂಟರ್ ಅದರ ಮೇಲೆ ದಪ್ಪ ಬಣ್ಣ ಬಳಿದಿದ್ದರಂತೂ ಅಲ್ಲಿಯೇ ಅರ್ಧ ದಿನ ಹೋಗುತ್ತದೆ.

ಚಿಕ್ಕೋಡಿಗೆ ಗಾಡಿಯನ್ನು ದಿನಾ ಓಡಿಸುವವರೇ ಒಯ್ಯಲಿ. ಕಾಗದಕ್ಕೆ ಏಜೆಂಟ್ ಇಟ್ಟುಕೊಂಡರೂ ಸರಿ, ಆದರೆ ಇನ್‌ಸ್ಪೆಕ್ಟರ್ ಏನು ತಪ್ಪು ತೋರಿಸಿದರು ಎಂಬುದನ್ನು ಓಡಿಸುವವ ಸ್ವತಃ ಕೇಳಿಸಿಕೊಳ್ಳಬೇಕು. ಒಂದು ಬಲ್ಬಿಗೋ ಟೇಪಿಗೋ ವಾಪಸು ಕಳಿಸಿದರೆ ವಾದ ಬೇಡ. ಸರಿಮಾಡಿಸಿಕೊಂಡು ಮತ್ತೆ ತೋರಿಸಿ.

ಇನ್ನು ಗಡಿ ಗಲಾಟೆಯ ಮಾತು. 2022ರ ಡಿಸೆಂಬರಿನಲ್ಲಿ ವಿವಾದ ಕಾವೇರಿದಾಗ ಆ ರಾಜ್ಯದ ಗಾಡಿಗೆ ಇಲ್ಲಿ ಕಲ್ಲು, ಈ ರಾಜ್ಯದ ಬಸ್ಸಿಗೆ ಅಲ್ಲಿ ಮಸಿ ಬಿದ್ದಿತ್ತು. ದುಡಿದು ತಿನ್ನುವವರ ಗಾಜು ಒಡೆದು ಯಾವ ಭಾಷೆಯೂ ಉದ್ಧಾರವಾಗಿಲ್ಲ. ನವೆಂಬರ್ 1ರ ಆಸುಪಾಸು, ಬೆಳಗಾವಿಯಲ್ಲಿ ವಿಧಾನಮಂಡಲದ ಅಧಿವೇಶನ ನಡೆಯುವ ದಿನಗಳಲ್ಲಿ ಕೊಲ್ಹಾಪುರದ ಕೆಲಸ ಇಟ್ಟುಕೊಳ್ಳಬೇಡಿ. ನಿಮ್ಮ ಅವಧಿ ಅದೇ ಹೊತ್ತಿಗೆ ಮುಗಿಯುವಂತಿದ್ದರೆ ಡ್ರಮ್ಮು, ಪಾಟಾದ ಕೆಲಸ ಸೆಪ್ಟೆಂಬರಿನಲ್ಲೇ ಆಗಲಿ. ಲೈಟು, ಟೇಪು, ವೆಲ್ಡಿಂಗಿಗೆ ನಿಪ್ಪಾಣಿಯ ಗ್ಯಾರೇಜುಗಳೇ ಸಾಕು.