ನಿಧಾನಕ್ಕೆ ಬಂದರೆ ಒಂದೂವರೆ ಡಾಲರ್: ತೊಗೊಳ್ಳೋದಾ, ಬಿಡೋದಾ?

ಅಮೆರಿಕದಲ್ಲಿರುವ ನಮ್ಮ ಓದುಗರಿಂದ ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇದ್ದವು. ಅಮೆಜಾನ್‌ನಲ್ಲಿ ಪ್ರೈಮ್ ಸದಸ್ಯರಿಗೆ, ಅಂದರೆ ಬೇಗ ಡೆಲಿವರಿ ಸಿಗಲಿ ಅಂತ ಶುಲ್ಕ ಕೊಟ್ಟವರಿಗೆ, ಆರ್ಡರ್ ಹಾಕುವ ಕೊನೆಯ ಪುಟದಲ್ಲಿ ‘ನೋ-ರಶ್’ ಅನ್ನುವ ಆಯ್ಕೆ ಕಾಣಿಸುತ್ತದೆ. ಸಾಮಾನು ಕೆಲವು ದಿನ ತಡವಾಗಿ ಬಂದರೂ ಪರವಾಗಿಲ್ಲ ಅಂತ ಒಪ್ಪಿದರೆ ಚಿಕ್ಕದೊಂದು ರಿವಾರ್ಡ್ ಕೊಡುತ್ತಾರೆ. ಅದರ ಬಗ್ಗೆ ಬಂದ ಪ್ರಶ್ನೆಗಳನ್ನೆಲ್ಲ ಇಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇನೆ.

ಸರ್, ವರ್ಷದಿಂದ ನೋ-ರಶ್ ಆರಿಸ್ತಾ ಇದ್ದೀನಿ. ಪ್ರತಿ ಸಲ ‘ಒಂದೂವರೆ ಡಾಲರ್ ರಿವಾರ್ಡ್’ ಅಂತ ಬರುತ್ತೆ. ಆದರೆ ಬಿಲ್ಲಿನಲ್ಲಿ ಒಂದು ಸೆಂಟೂ ಕಡಿಮೆ ಆಗಿಲ್ಲ. ಆ ದುಡ್ಡು ಎಲ್ಲಿ ಹೋಯ್ತು?
(ಡಲ್ಲಾಸ್‌ನ ಓದುಗರು)

ಎಲ್ಲೂ ಹೋಗಿಲ್ಲ, ಆದರೆ ಅದು ದುಡ್ಡೂ ಅಲ್ಲ. ನಿಮಗೆ ಸಿಕ್ಕಿರುವುದು ಬಹುಶಃ ಡಿಜಿಟಲ್ ಕ್ರೆಡಿಟ್. ಅದರಿಂದ ಅಕ್ಕಿ, ಸೋಪು, ಚಾರ್ಜರ್ ಕೊಳ್ಳಲು ಆಗುವುದಿಲ್ಲ. ಕಿಂಡಲ್ ಪುಸ್ತಕ (ಅಮೆಜಾನ್‌ನ ಇ-ಪುಸ್ತಕ), ಪ್ರೈಮ್ ವಿಡಿಯೋದಲ್ಲಿ ಬಾಡಿಗೆಗೆ ಅಥವಾ ಕೊಂಡು ನೋಡುವ ಸಿನಿಮಾ, ಹಾಡು, ಆ್ಯಪ್, ಇಂಥವಕ್ಕೆ ಮಾತ್ರ ಅದು ನಡೆಯುತ್ತದೆ. ಆಯ್ಕೆಯ ಕೆಳಗೆ ಸಣ್ಣ ಅಕ್ಷರದಲ್ಲಿ ಇದನ್ನು ಬರೆದಿರುತ್ತಾರೆ, ಆದರೆ ಕಣ್ಣು ಹೋಗುವುದು ದಪ್ಪ ಅಕ್ಷರದ ಮೊತ್ತದ ಮೇಲೆ, ಅಲ್ವಾ? ಕ್ರೆಡಿಟ್ ಬರುವುದು ಆರ್ಡರ್ ಹಾಕಿದ ತಕ್ಷಣ ಅಲ್ಲ, ಸಾಮಾನು ಗೋದಾಮಿನಿಂದ ಹೊರಟ ಮೇಲೆ. ಬಂದಾಗ ಒಂದು ಇಮೇಲ್ ಕಳಿಸುತ್ತಾರೆ. ಆ ಇಮೇಲನ್ನು ನಾವು ಜಾಹೀರಾತು ಅಂದುಕೊಂಡು ಅಳಿಸಿಬಿಡುತ್ತೇವೆ.

ಈಗ ಮಾಡಬೇಕಾದ ಕೆಲಸ ಒಂದೇ. ಆ ಇಮೇಲ್‌ಗಳನ್ನು ಹುಡುಕಿ, ನಿಮ್ಮ ಖಾತೆಯಲ್ಲಿ ನೋ-ರಶ್ ರಿವಾರ್ಡ್ ಎಷ್ಟು ಉಳಿದಿದೆ, ಯಾವ ತಾರೀಖಿಗೆ ಮುಗಿಯುತ್ತದೆ ನೋಡಿ. ಪ್ರತಿ ಕ್ರೆಡಿಟ್‌ಗೂ ಅದರದೇ ಕೊನೆಯ ದಿನ ಇರುತ್ತದೆ. ವರ್ಷದ ಹಿಂದಿನವು ಮುಗಿದುಹೋಗಿರುವ ಸಾಧ್ಯತೆಯೇ ಜಾಸ್ತಿ. ಉಳಿದಿರುವುದನ್ನು ಬಳಸಲು ಕೋಡ್ ಏನೂ ಹಾಕಬೇಕಿಲ್ಲ, ಅರ್ಹವಾದ ವಸ್ತು ಕೊಂಡರೆ ತಾನೇ ಕಳೆದುಕೊಳ್ಳುತ್ತದೆ. ಒಂದೂವರೆ ಡಾಲರಿನ ಮೂರು ಕ್ರೆಡಿಟ್ ಇದ್ದರೆ ನಾಲ್ಕೂವರೆ ಆಯಿತು. 4.99 ಡಾಲರಿನ ಪುಸ್ತಕಕ್ಕೆ ನೀವು ಕೈಯಿಂದ ಕೊಡುವುದು 49 ಸೆಂಟು, ಮೇಲೆ ತೆರಿಗೆ ಇದ್ದರೆ ಅದು.

ಇನ್ನೊಂದು ಸೂಕ್ಷ್ಮ ಇದೆ. ಕಿಂಡಲ್ ಪುಸ್ತಕದ ಪುಟದಲ್ಲಿ ‘ಸೋಲ್ಡ್ ಬೈ’ ಅನ್ನುವ ಸಾಲು ಇರುತ್ತದೆ. ಅಲ್ಲಿ ಅಮೆಜಾನ್ ಹೆಸರಿದ್ದರೆ ಕ್ರೆಡಿಟ್ ಸಾಮಾನ್ಯವಾಗಿ ನಡೆಯುತ್ತದೆ. ದೊಡ್ಡ ಪ್ರಕಾಶಕರು ಬೆಲೆಯನ್ನು ತಾವೇ ನಿಗದಿ ಮಾಡಿ ತಮ್ಮ ಹೆಸರಿನಲ್ಲೇ ಮಾರುವ ಪುಸ್ತಕಗಳಿಗೆ ನಡೆಯುವುದಿಲ್ಲ. ಜನಪ್ರಿಯ ಕಾದಂಬರಿ ಕೊಂಡು ‘ಕ್ರೆಡಿಟ್ ಯಾಕೆ ಕಳೆಯಲಿಲ್ಲ’ ಅಂತ ಕೇಳುವವರಿಗೆ ಬಹಳಷ್ಟು ಸಲ ಉತ್ತರ ಈ ಸಾಲಿನಲ್ಲೇ ಇರುತ್ತದೆ. ಕೊಳ್ಳುವ ಬಟನ್ ಒತ್ತುವ ಮುಂಚೆ ಅದನ್ನೊಮ್ಮೆ ಓದಿ.

ಎಲ್ಲಾ ರಿವಾರ್ಡೂ ಡಿಜಿಟಲ್ ಅಂತಲ್ಲ. ಪ್ರೈಮ್ ವೀಸಾ ಅನ್ನುವ ಅಮೆಜಾನ್‌ನ ಕ್ರೆಡಿಟ್ ಕಾರ್ಡ್ ಇದ್ದವರಿಗೆ, ಕೊಂಡದ್ದರ ಮೇಲೆ ಮಾಮೂಲಿಯಾಗಿ ವಾಪಸ್ ಸಿಗುವ 5 ಶೇಕಡಾದ ಮೇಲೆ ಇನ್ನೊಂದು ಶೇಕಡಾ ಕೊಡುವುದೂ ಇದೆ. ಕೆಲವೊಮ್ಮೆ ಬೆಲೆಯಲ್ಲೇ ಅಷ್ಟು ಕಡಿಮೆ ಮಾಡುತ್ತಾರೆ. ಈ ಎರಡು ಕಂಡರೆ ಯೋಚನೆ ಮಾಡದೆ ತೆಗೆದುಕೊಳ್ಳಿ, ಅದು ನಿಮ್ಮ ಜೇಬಿಗೇ ಬರುವ ದುಡ್ಡು. ಡಿಜಿಟಲ್ ಕ್ರೆಡಿಟ್ ಆದರೆ, ನೀವು ಹೇಗೂ ಪುಸ್ತಕವನ್ನೋ ಸಿನಿಮಾವನ್ನೋ ಕೊಳ್ಳುವವರಾದರೆ ಮಾತ್ರ ಅದಕ್ಕೆ ಬೆಲೆ. ಅದನ್ನು ಖರ್ಚು ಮಾಡಬೇಕು ಅಂತಲೇ ಬೇಡದ ಸಿನಿಮಾಕ್ಕೆ ಮೇಲೆ ಎರಡೂವರೆ ಡಾಲರ್ ಹಾಕಿದರೆ ನಷ್ಟ ನಿಮಗೇ.

ಈ ಕ್ರೆಡಿಟ್‌ನಲ್ಲಿ ಕನ್ನಡ ಪುಸ್ತಕ ಕೊಳ್ಳಬಹುದಾ? ಅಮ್ಮ ನಮ್ಮ ಜೊತೆ ಆರು ತಿಂಗಳು ಇರಲು ಬಂದಿದ್ದಾರೆ, ಅವರಿಗೆ ಓದಲು ಏನಾದರೂ ಬೇಕು.
(ನ್ಯೂಜೆರ್ಸಿಯ ಓದುಗರು)

ಕೊಳ್ಳಬಾರದು ಅಂತ ನಿಯಮ ಇಲ್ಲ, ಆದರೆ ಹುಡುಕಿದರೆ ನಿರಾಸೆ ಆಗಬಹುದು. ಕಿಂಡಲ್ 2016ರ ಕೊನೆಯಲ್ಲಿ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಪುಸ್ತಕಗಳನ್ನು ಶುರು ಮಾಡಿದಾಗ ಆ ಐದರಲ್ಲಿ ಕನ್ನಡ ಇರಲಿಲ್ಲ. ಕೋಟಿಗಟ್ಟಲೆ ಜನ ಓದುವ ಭಾಷೆಯನ್ನು ಹಾಗೆ ಬಿಟ್ಟದ್ದು ನನಗೆ ಇವತ್ತಿಗೂ ಸರಿ ಅನ್ನಿಸಿಲ್ಲ. ಅಲ್ಲಿ ಕನ್ನಡದ ಪುಸ್ತಕಗಳು ತಮಿಳು, ಹಿಂದಿಯ ಮುಂದೆ ತೀರಾ ಕಡಿಮೆ. ಅಮ್ಮನಿಗಾದರೆ ಮೈಲ್ಯಾಂಗ್ ಥರದ ಕನ್ನಡದ್ದೇ ಆ್ಯಪ್ ನೋಡಿ, ಇ-ಪುಸ್ತಕವೂ ಇದೆ, ಕೇಳುವ ಪುಸ್ತಕವೂ ಇದೆ. ಅಲ್ಲಿ ಈ ಕ್ರೆಡಿಟ್ ನಡೆಯುವುದಿಲ್ಲ, ದುಡ್ಡು ಕೊಟ್ಟೇ ಕೊಳ್ಳಬೇಕು. ಕ್ರೆಡಿಟ್ ಇಟ್ಟುಕೊಂಡು ಪ್ರೈಮ್ ವಿಡಿಯೋದಲ್ಲಿ ಬಾಡಿಗೆಗೆ ಸಿಗುವ ಸಿನಿಮಾ ತೋರಿಸಿ.

ನಿಧಾನ ಡೆಲಿವರಿಯಿಂದ ಪರಿಸರಕ್ಕೆ ನಿಜವಾಗಿ ಒಳ್ಳೆಯದಾ, ಅಥವಾ ಕಂಪನಿಗೆ ಮಾತ್ರ ಲಾಭವಾ?
(ಸಿಯಾಟಲ್‌ನ ಓದುಗರು)

ಕಂಪನಿಗೆ ಲಾಭ ಇರುವುದು ಖಂಡಿತ. 2023ರಲ್ಲಿ ಅಮೆಜಾನ್ ಸಾಗಣೆಗೆ ಮಾಡಿದ ಖರ್ಚು ಸುಮಾರು 89.5 ಬಿಲಿಯನ್ ಡಾಲರ್. ನಾಳೆಯೇ ತಲುಪಿಸಬೇಕು ಅಂದರೆ ಅರ್ಧ ತುಂಬಿದ ವ್ಯಾನನ್ನೂ ಕಳಿಸಬೇಕಾಗುತ್ತದೆ, ದೂರದ ಗೋದಾಮಿನಲ್ಲಿ ಮಾತ್ರ ಇರುವ ಸಾಮಾನನ್ನು ವಿಮಾನಕ್ಕೆ ಹಾಕಬೇಕಾಗುತ್ತದೆ. ನೀವು ಐದಾರು ದಿನ ಕೊಟ್ಟರೆ ಅದೇ ಸಾಮಾನು ಟ್ರಕ್ಕಿನಲ್ಲಿ ಬರಬಹುದು. ನಿಮ್ಮ ಬೀದಿಗೆ ಹೇಗೂ ಹೋಗುವ ವ್ಯಾನಿನಲ್ಲಿ ಜಾಗ ನೋಡಿಕೊಂಡು ಹಾಕಬಹುದು. ಹಬ್ಬದ ಸೀಸನ್ನಿನಲ್ಲಿ, ಪ್ರೈಮ್ ಡೇ ಅನ್ನುವ ರಿಯಾಯಿತಿ ಮಾರಾಟದ ಸಮಯದಲ್ಲಿ ಗೋದಾಮಿನ ಮೇಲೆ ಬೀಳುವ ಒತ್ತಡವನ್ನೂ ಹಂಚಿಕೊಳ್ಳಬಹುದು. ಅದರಲ್ಲಿ ಉಳಿದದ್ದರ ಚೂರು ನಿಮಗೆ ಕೊಡುತ್ತಾರೆ.

ಪರಿಸರದ ಲೆಕ್ಕವೂ ಇದೇ ದಾರಿಯಲ್ಲಿದೆ. ಒಂದೇ ತೂಕವನ್ನು ಒಂದೇ ದೂರ ಸಾಗಿಸಲು ವಿಮಾನ ಉಗುಳುವ ಇಂಗಾಲ ಟ್ರಕ್ಕಿನದಕ್ಕಿಂತ ಹಲವು ಪಟ್ಟು. ಹಾಗಂತ ಬೇಗ ಬಂದದ್ದೆಲ್ಲ ಕೊಳಕು ಅಂತಲೂ ಹೇಳಲು ಬರುವುದಿಲ್ಲ. 2023ರಲ್ಲಿ ಅಮೆಜಾನ್ ಅಮೆರಿಕವನ್ನು ಎಂಟು ವಲಯಗಳಾಗಿ ಮಾಡಿ, ಆದಷ್ಟೂ ಸಾಮಾನು ಆಯಾ ವಲಯದ ಗೋದಾಮಿನಿಂದಲೇ ಹೋಗುವ ಹಾಗೆ ಮಾಡಿತು. ಹತ್ತಿರದ ಗೋದಾಮಿನಿಂದ ನಾಳೆಯೇ ಬರುವ ಟೂತ್‌ಪೇಸ್ಟು ಹೆಚ್ಚು ದೂರ ಓಡಿರುವುದಿಲ್ಲ. ನಿಧಾನವಾಗಿ ಬಂದದ್ದು ಯಾವ ದಾರಿಯಲ್ಲಿ ಬಂತು ಅಂತ ನಮಗೆ ತೋರಿಸುವುದೂ ಇಲ್ಲ, ತೋರಿಸಬೇಕು ಅಂತ ನನ್ನ ಆಸೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು ಮೆಕ್ಸಿಕೋದ ಕೊಪ್ಪೆಲ್ ಅನ್ನುವ ಅಂಗಡಿ ಸಂಸ್ಥೆಯ ಜೊತೆ ಮಾಡಿದ ಪ್ರಯೋಗದಲ್ಲಿ, ಕಾದರೆ ಎಷ್ಟು ಮರ ಉಳಿಸಿದ್ದಕ್ಕೆ ಸಮ ಅಂತ ಗ್ರಾಹಕರಿಗೆ ತೋರಿಸಿದಾಗ ಕಾಯಲು ಒಪ್ಪಿದವರು ಜಾಸ್ತಿ ಆದರು. ರಿವಾರ್ಡೇ ಬೇಕು ಅಂತಿಲ್ಲ, ನಿಜವಾದ ಮಾಹಿತಿ ಕೊಟ್ಟರೂ ಜನ ಕಾಯುತ್ತಾರೆ.

ಪರಿಸರವೇ ನಿಮ್ಮ ಕಾಳಜಿ ಆದರೆ ಕಾಯುವುದಕ್ಕಿಂತ ಒಟ್ಟುಗೂಡಿಸುವುದು ಮುಖ್ಯ. ಸೋಮವಾರ ಪೆನ್ನು, ಬುಧವಾರ ಬಲ್ಬು, ಶುಕ್ರವಾರ ಟವೆಲ್ ಅಂತ ಮೂರು ಆರ್ಡರ್ ಹಾಕಿ ಮೂರಕ್ಕೂ ನೋ-ರಶ್ ಒತ್ತಿದರೆ ಮೂರು ಡಬ್ಬ ಮೂರು ದಿನ ಬರಬಹುದು. ಒಂದೇ ಆರ್ಡರನ್ನು ಬೇಕೂಂತಲೇ ಒಡೆದು ಮೂರು ರಿವಾರ್ಡ್ ತೆಗೆದುಕೊಳ್ಳುವವರೂ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ, ಕಾದು ಉಳಿಸಿದ್ದೆಲ್ಲ ಹೋಗುತ್ತದೆ. 2019ರಲ್ಲಿ ಬಂದ ‘ಅಮೆಜಾನ್ ಡೇ’ಯಲ್ಲಿ ವಾರದ ಒಂದು ದಿನ ಆರಿಸಿಕೊಂಡರೆ ಆ ವಾರದ ಸಾಮಾನೆಲ್ಲ ಆದಷ್ಟೂ ಒಟ್ಟಿಗೆ, ಕಡಿಮೆ ಡಬ್ಬಗಳಲ್ಲಿ ಬರುತ್ತದೆ. ಅಲ್ಲಿ ರಿವಾರ್ಡ್ ಇಲ್ಲದಿದ್ದರೂ ನಾನು ಅದನ್ನೇ ಮೇಲು ಅನ್ನುತ್ತೇನೆ. ನೀವು ಮನೆಯಲ್ಲಿರುವ ದಿನವನ್ನೇ ಆರಿಸಿದರೆ ಬಾಗಿಲ ಮುಂದಿನ ಡಬ್ಬ ಕಳುವಾಗುವ ಭಯವೂ ಕಡಿಮೆ.

ನಾನು ಯಾವಾಗಲೂ ನೋ-ರಶ್ಶೇ. ಹಾಗಾದರೆ ಪ್ರೈಮ್ ಇಟ್ಟುಕೊಳ್ಳಬೇಕಾ?
(ಸನ್ನಿವೇಲ್‌ನ ಓದುಗರು)

ಎಲ್ಲರೂ ತಮ್ಮನ್ನು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. 2002ರಲ್ಲಿ ಅಮೆಜಾನ್ ನಿಧಾನ ಡೆಲಿವರಿಯನ್ನು ಪುಕ್ಕಟೆ ಕೊಡಲು ಶುರು ಮಾಡಿತು. ಮೊದಲು 99 ಡಾಲರ್ ದಾಟಿದ ಆರ್ಡರಿಗೆ, ಅದೇ ವರ್ಷ 25ಕ್ಕೆ ಇಳಿಯಿತು. 2005ರಲ್ಲಿ ಪ್ರೈಮ್ ಬಂತು: ವರ್ಷಕ್ಕೆ 79 ಡಾಲರ್ ಕೊಡಿ, ಎರಡು ದಿನದಲ್ಲಿ ತಲುಪಿಸುತ್ತೇವೆ ಅಂದರು. 2022ರಿಂದ ಆ ಶುಲ್ಕ 139 ಡಾಲರ್. ನೀವು ವೇಗಕ್ಕೆ ಅಂತ 139 ಕೊಟ್ಟು, ಆಮೇಲೆ ಆ ವೇಗವನ್ನು ಒಂದೂವರೆ ಡಾಲರಿಗೆ ವಾಪಸ್ ಮಾರುತ್ತಿದ್ದೀರಿ. ಆ ಲೆಕ್ಕದಲ್ಲಿ ಶುಲ್ಕ ಹುಟ್ಟಬೇಕಾದರೆ 93 ಆರ್ಡರ್ ಹಾಕಬೇಕು, ಅದೂ ಪ್ರತಿ ಕ್ರೆಡಿಟ್ಟನ್ನೂ ಅವಧಿ ಮುಗಿಯುವುದರೊಳಗೆ ಬಳಸಿದರೆ.

ಪ್ರೈಮ್ ಇಲ್ಲದವರಿಗೆ ಸಾಮಾನ್ಯವಾಗಿ 35 ಡಾಲರ್ ದಾಟಿದ ಅರ್ಹ ಆರ್ಡರಿಗೆ ಸಾಗಣೆ ಪುಕ್ಕಟೆ. ಪಟ್ಟಿ ಮಾಡಿಟ್ಟುಕೊಂಡು ಮೊತ್ತ 35 ಆದಾಗ ಒಟ್ಟಿಗೆ ತರಿಸಿದರೆ ನಿಮಗೆ ಈಗ ಸಿಗುತ್ತಿರುವುದೇ ಸಿಗುತ್ತದೆ, ರಿವಾರ್ಡ್ ಒಂದನ್ನು ಬಿಟ್ಟು. ಮನೆಯಲ್ಲಿ ಎಲ್ಲರೂ ಪ್ರೈಮ್ ವಿಡಿಯೋ ನೋಡುತ್ತೀರಿ, ಮಗುವಿನ ಡಯಾಪರ್, ಔಷಧಿ ಅಂತ ಅರ್ಜೆಂಟಿಗೂ ಬೇಕಾಗುತ್ತದೆ ಅಂದರೆ ಇಟ್ಟುಕೊಳ್ಳಿ. ಎಂಎಸ್ ಓದಲು ಬಂದಿರುವ ಮಕ್ಕಳಿಗೆ ಸ್ಟೂಡೆಂಟ್ ಪ್ರೈಮ್ ಅರ್ಧ ಬೆಲೆಗೆ ಇದೆ, ಅವರ ಲೆಕ್ಕ ಬೇರೆ. ರಿವಾರ್ಡ್ ಸಿಗುತ್ತೆ ಅಂತ ಮಾತ್ರ ಪ್ರೈಮ್ ಮುಂದುವರಿಸುವುದಾದರೆ ಬೇಡ.

ಮುಂದಿನ ತಿಂಗಳು ಬೆಂಗಳೂರಿಗೆ ಹೋಗ್ತಿದ್ದೀವಿ. ಉಡುಗೊರೆ ಸಾಮಾನಿಗೆ ನೋ-ರಶ್ ಹಾಕಬಹುದಾ?
(ಆಸ್ಟಿನ್‌ನ ಓದುಗರು)

ಇನ್ನೂ ಮೂರು ವಾರ ಇದೆ ಅಂದರೆ ಧಾರಾಳವಾಗಿ ಹಾಕಿ. ನೋ-ರಶ್ ಸಾಮಾನು ಎಷ್ಟೋ ಸಲ ಹೇಳಿದ ದಿನಕ್ಕಿಂತ ಮೊದಲೇ ಬಂದುಬಿಡುತ್ತದೆ, ಹಾಗೆ ಬಂದರೂ ರಿವಾರ್ಡ್ ಹೋಗುವುದಿಲ್ಲ. ಆದರೆ ಅಳತೆ ನೋಡಿ ಬದಲಾಯಿಸಬೇಕಾದ ಶೂ, ಬಟ್ಟೆ, ತೆರೆದು ಪರೀಕ್ಷಿಸಬೇಕಾದ ಫೋನು, ಹೆಡ್‌ಫೋನು, ಇವನ್ನು ಬೇಗ ತರಿಸಿಕೊಳ್ಳಿ. ಕೊನೆಯ ವಾರದಲ್ಲಿ ಬಂದದ್ದು ಕೆಟ್ಟಿದ್ದರೆ ಹಿಂದಿರುಗಿಸಿ ಬೇರೆ ತರಿಸಲು ಸಮಯ ಸಿಗುವುದಿಲ್ಲ, ಊರಿಗೆ ಹೋದ ಮೇಲೆ ಗೊತ್ತಾದರಂತೂ ನೀವು ವಾಪಸ್ ಬರುವಷ್ಟರಲ್ಲಿ ಹಿಂದಿರುಗಿಸುವ ಅವಧಿಯೇ ಮುಗಿದಿರಬಹುದು. ಹಿಂದಿರುಗಿಸಿದ ಸಾಮಾನಿನ ರಿವಾರ್ಡನ್ನು ಕಂಪನಿ ಹಿಂತೆಗೆದುಕೊಳ್ಳಬಹುದು ಅನ್ನುವುದೂ ಗೊತ್ತಿರಲಿ. ಚಾಕೊಲೇಟನ್ನು ಮಾತ್ರ ಆನ್‌ಲೈನಿನಲ್ಲಿ ತರಿಸಬೇಡಿ, ಟೆಕ್ಸಸ್‌ನ ಬಿಸಿಲಿಗೆ ವ್ಯಾನಿನಲ್ಲೇ ಕರಗುತ್ತದೆ. ಹೊರಡುವ ಹಿಂದಿನ ದಿನ ಅಂಗಡಿಗೆ ಹೋಗಿ ತನ್ನಿ.