ಆ ಫೋಟೊಗೆ ಕತ್ತರಿ ಹಾಕಬೇಡಿ

ಹೋದ ಸಂಚಿಕೆಯಲ್ಲಿ ನಾವು ಹಾಕಿದ್ದ ಹಳೆ ಬಜಾರಿನ ಫೋಟೊಗಳನ್ನು ನೋಡಿ ತೀರ್ಥಹಳ್ಳಿ ಕಡೆಯ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಹೆಸರು ಬೇಡ ಎಂದಿದ್ದಾರೆ. ಪತ್ರದ ಮುಖ್ಯ ಭಾಗ ಹೀಗಿದೆ:

"ನಮ್ಮ ಅಪ್ಪಯ್ಯ ಹೋದ ವರ್ಷ 84ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರ ಪೆಟ್ಟಿಗೆಯಲ್ಲಿ ಈ ಫೋಟೊ ಸಿಕ್ಕಿತು. ಶಿವಮೊಗ್ಗದ ಯಾವುದೋ ದಿನಸಿ ಅಂಗಡಿ ಮುಂದೆ ನಿಂತಿದ್ದಾರೆ. ಯಾವ ಬೀದಿ, ಯಾವ ವರ್ಷ ಗೊತ್ತಿಲ್ಲ. ಅವರ ಚಿಕ್ಕ ಪ್ರಾಯದ ಫೋಟೊ ಇದೊಂದೇ. ವರ್ಷದ ತಿಥಿಯೊಳಗೆ ಮುಖ ಮಾತ್ರ ಕತ್ತರಿಸಿ, ದೊಡ್ಡದು ಮಾಡಿಸಿ ಗೋಡೆಗೆ ಹಾಕೋಣ ಅಂತ ಮಗಳು ಹೇಳುತ್ತಾಳೆ. ಉಳಿದದ್ದು ಯಾರದೋ ಅಂಗಡಿ, ಯಾರೋ ಜನ, ನಮಗೇನು ಸಂಬಂಧ ಅಂತ ಅವಳ ಮಾತು. ನನಗೂ ಹೌದು ಅನ್ನಿಸಿದೆ. ಆದರೂ ಒಮ್ಮೆ ನಿಮ್ಮನ್ನು ಕೇಳೋಣ ಅಂತ ಫೋಟೊ ಕಳಿಸಿದ್ದೇನೆ. ಹಳೆ ಶಿವಮೊಗ್ಗವೇ ಎಷ್ಟು ಚೆನ್ನಾಗಿತ್ತು, ಅಲ್ವಾ?"

ನಮಸ್ಕಾರ.

ಮೊದಲು ಒಂದು ಮಾತು. ಲಕೋಟೆ ಒಡೆದಾಗ ಎದೆ ಝಲ್ ಎಂದಿತು. ನೀವು ಕಳಿಸಿದ್ದು ಪ್ರತಿಯಲ್ಲ, ಮೂಲ ಫೋಟೊ. ಮಳೆಗಾಲದಲ್ಲಿ ಅದು ಅಂಚೆ ಚೀಲದಲ್ಲಿ ಬಂದಿದೆ. ಪುಣ್ಯಕ್ಕೆ ಏನೂ ಆಗಿಲ್ಲ. ಎರಡು ರಟ್ಟಿನ ನಡುವೆ ಇಟ್ಟು, ಪ್ಲಾಸ್ಟಿಕ್ ಸುತ್ತಿ, ಸ್ಪೀಡ್ ಪೋಸ್ಟಿನಲ್ಲಿ ವಾಪಸ್ ಕಳಿಸಿದ್ದೇನೆ. ಇನ್ನು ಮುಂದೆ ಮೂಲ ಪ್ರತಿ ಮನೆಯಿಂದ ಆಚೆ ಹೋಗದಿರಲಿ.

ಈಗ ಮಗಳ ಪ್ರಶ್ನೆಗೆ ಬರುತ್ತೇನೆ. ಮುಖ ಮಾತ್ರ ಕತ್ತರಿಸೋಣವಾ? ದಯವಿಟ್ಟು ಬೇಡ ಮಾರಾಯ್ರೆ. ಇಷ್ಟು ಗಟ್ಟಿಯಾಗಿ ಹೇಳುವುದಕ್ಕೆ ಕಾರಣ ಇದೆ. ನಮ್ಮ ಮನೆಯಲ್ಲಿ ನಾವು ಅದನ್ನೇ ಮಾಡಿದೆವು.

ಶಿವಮೊಗ್ಗದ ಕೋಟೆ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ. ಒಂದು ಜಾತ್ರೆಯಲ್ಲಿ ನಮ್ಮ ಅಮ್ಮ ಬಳೆ ಅಂಗಡಿಯ ಮುಂದೆ ನಿಂತು ಫೋಟೊ ತೆಗೆಸಿಕೊಂಡಿದ್ದರು. ಪಕ್ಕದಲ್ಲಿ ಚಿಕ್ಕಮ್ಮ, ಹಿಂದೆ ಬಳೆಯ ಸಾಲು, ಇನ್ನೂ ಹಿಂದೆ ಬೀದಿ ತುಂಬಾ ಜನ. ಅಮ್ಮ ಹೋದ ಮೇಲೆ ಆ ಫೋಟೊವನ್ನು ಒಂದು ಸ್ಟುಡಿಯೋಗೆ ಕೊಟ್ಟೆವು. ಅವರು ಮುಖ ಮಾತ್ರ ತೆಗೆದು, ಹಿಂದೆ ನೀಲಿ ಪರದೆ ಹಾಕಿ, ಕಟ್ಟು ಹಾಕಿಸಿ ಕೊಟ್ಟರು. ಮೂಲ ಫೋಟೊ ಕೊನೆಗೂ ವಾಪಸ್ ಬರಲಿಲ್ಲ. ನಾವೂ ಆ ದುಃಖದಲ್ಲಿ ಕೇಳಲಿಲ್ಲ. ಇವತ್ತು ಅಮ್ಮನ ಮುಖ ಗೋಡೆ ಮೇಲಿದೆ. ಆದರೆ ಆ ದಿನ ಅಮ್ಮನ ಕೈಯಲ್ಲಿ ಏನಿತ್ತು, ಚಿಕ್ಕಮ್ಮ ನಗುತ್ತಿದ್ದರೋ ಇಲ್ಲವೋ, ಬಳೆಗಾರ ಫೋಟೊದಲ್ಲಿ ಇದ್ದನೋ ಇಲ್ಲವೋ, ಇದನ್ನೆಲ್ಲ ನಾನು, ನನ್ನ ಅಕ್ಕ ಇನ್ನೂ ಮಾತಾಡಿಕೊಳ್ಳುತ್ತೇವೆ. ಅವಳು ಒಂದು ಹೇಳುತ್ತಾಳೆ, ನಾನು ಒಂದು ಹೇಳುತ್ತೇನೆ. ನೋಡಿ ತೀರ್ಮಾನ ಮಾಡೋಣ ಎಂದರೆ ಫೋಟೊ ಇಲ್ಲ. ನೀಲಿ ಪರದೆಯ ಮುಂದೆ ಅಮ್ಮ ಯಾವ ಊರಿನವರೂ ಅಲ್ಲದ ಹಾಗೆ ಕಾಣುತ್ತಾರೆ.

ನಿಮ್ಮ ಅಪ್ಪಯ್ಯನಿಗೆ ಹಾಗಾಗುವುದು ಬೇಡ.

ನಿಮ್ಮ ಫೋಟೊವನ್ನು ಎರಡು ದಿನ ಭೂತಗನ್ನಡಿ ಹಿಡಿದು ನೋಡಿದೆ. ಏನು ಕಂಡಿತು, ಹೇಳುತ್ತೇನೆ. ಫೋಟೊದ ಹಿಂಬದಿ ಏನೂ ಬರೆದಿಲ್ಲ ಎಂದೂ ಪತ್ರದಲ್ಲಿ ಹೇಳಿದ್ದೀರಿ. ಬರೆದಿಲ್ಲ ನಿಜ, ಆದರೆ ಮೂಲೆಯಲ್ಲಿ ಒಂದು ರಬ್ಬರ್ ಸ್ಟಾಂಪು ಇದೆ. ಮಾಸಿಹೋಗಿದೆ. ಬೆಳಕಿಗೆ ಓರೆಯಾಗಿ ಹಿಡಿದರೆ "ಶಿವಮೊಗ್ಗ, ಮೈಸೂರು ರಾಜ್ಯ" ಎಂದು ಓದಬಹುದು. ನಮ್ಮ ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾಗಿದ್ದು 1973ರ ನವೆಂಬರ್ 1ಕ್ಕೆ. ಹಾಗಾದರೆ ಫೋಟೊ ಅದಕ್ಕಿಂತ ಹಿಂದಿನದು.

ಇನ್ನೂ ಒಳಗೆ ಹೋಗೋಣ. ಅಂಗಡಿಯ ಕಂಬಕ್ಕೆ ಒಂದು ಸ್ಲೇಟು ನೇತುಹಾಕಿದ್ದಾರೆ. ಸೀಮೆಸುಣ್ಣದಲ್ಲಿ ಮೆಣಸಿನಕಾಯಿಯ ದರ ಇದೆ. ಅಂಕಿ ಅಳಿಸಿದೆ, ಆದರೆ "ಕೆ.ಜಿ." ಕಾಣುತ್ತದೆ. ಅದರ ಮುಂದೆ "ನ.ಪೈ." ಎಂದಿದೆ. ನಯಾ ಪೈಸೆ! ರೂಪಾಯಿಗೆ ಹದಿನಾರಾಣೆ ಹೋಗಿ ನೂರು ಪೈಸೆ ಬಂದಿದ್ದು 1957ರ ಏಪ್ರಿಲ್‌ನಲ್ಲಿ. ಹಳೆ ಪೈಸೆಯ ಜೊತೆ ಗೊಂದಲ ಆಗಬಾರದು ಅಂತ "ನಯಾ" ಸೇರಿಸಿದ್ದರು. 1964ರಲ್ಲಿ ಅದನ್ನು ಕೈಬಿಟ್ಟರು. ಸೇರು ಹೋಗಿ ಕೆ.ಜಿ. ಬಂದಿದ್ದು 1958ರಿಂದ, ಅದೂ ಹಂತಹಂತವಾಗಿ. ಹಾಗಾಗಿ ಈ ಎರಡೂ ಒಟ್ಟಿಗೆ ಒಂದೇ ಸ್ಲೇಟಿನ ಮೇಲೆ ಇರಬೇಕಾದರೆ ಹೆಚ್ಚುಕಡಿಮೆ 1960ರಿಂದ 1965ರ ನಡುವಿನ ಕಾಲ. ನಿಮ್ಮ ಅಪ್ಪಯ್ಯನಿಗೆ ಆಗ ಇಪ್ಪತ್ತರ ಆಸುಪಾಸು. ಮುಖವನ್ನಷ್ಟೇ ಕತ್ತರಿಸಿದ್ದರೆ ಈ ಸ್ಲೇಟು ಕಸದ ಬುಟ್ಟಿ ಸೇರುತ್ತಿತ್ತು.

ಬೀದಿ ಯಾವುದು? ಬೋರ್ಡಿನ ಬಹುಭಾಗ ಬಿಸಿಲಿನ ಹೊಳಪಿಗೆ ಬೆಳ್ಳಗಾಗಿದೆ. ಕೊನೆಯ "ಬಜಾರ್" ಮಾತ್ರ ಉಳಿದಿದೆ. ಶಿವಮೊಗ್ಗದಲ್ಲಿ ಬಜಾರ್ ಎಂದರೆ ಗಾಂಧಿ ಬಜಾರ್. ಅಡಿಕೆ ಮಾರಿ ಕೈಗೆ ನಾಲ್ಕು ಕಾಸು ಬಂದ ಮೇಲೆ ಗಾಂಧಿ ಬಜಾರಿಗೆ ಹೋಗದೆ ಊರಿಗೆ ಮರಳಿದ ಮಲೆನಾಡಿನವರು ಕಡಿಮೆ. ಬಟ್ಟೆ, ಬಂಗಾರ, ಪಾತ್ರೆ, ದಿನಸಿ ಎಲ್ಲ ಅಲ್ಲೇ.

ಅಂಗಡಿಯ ಬಾಗಿಲು ನೋಡಿ. ಈಗಿನ ಹಾಗೆ ಮೇಲಕ್ಕೆ ಸುತ್ತಿಕೊಳ್ಳುವ ಶಟರ್ ಅಲ್ಲ. ಹಲಗೆ ಬಾಗಿಲು. ಬೆಳಿಗ್ಗೆ ಒಂದೊಂದೇ ಹಲಗೆ ತೆಗೆದು ಪಕ್ಕಕ್ಕೆ ಒರಗಿಸುತ್ತಿದ್ದರು, ರಾತ್ರಿ ಮತ್ತೆ ಚೌಕಟ್ಟಿನ ಸಂದಿಯೊಳಗೆ ಒಂದೊಂದೇ ಸರಿಸಿ ಕೊನೆಯದಕ್ಕೆ ಬೀಗ ಹಾಕುತ್ತಿದ್ದರು. ಅದಲುಬದಲಾದರೆ ಕೂರುವುದಿಲ್ಲ ಅಂತ ಪ್ರತಿ ಹಲಗೆಗೂ ನಂಬರ್. ನಿಮ್ಮ ಅಪ್ಪಯ್ಯನ ಬೆನ್ನ ಹಿಂದೆ ೪, ೫, ೬ ಕಾಣುತ್ತಿವೆ, ಕನ್ನಡ ಅಂಕಿಯಲ್ಲಿ. ಬೆಳಗಾತ ಹಲಗೆ ತೆಗೆಯುವ ಆ ಟಪ್ ಟಪ್ ಸದ್ದು ನನಗೆ ಈ ಫೋಟೊ ನೋಡುವಾಗ ಕೇಳಿಸಿತು. ಮೇಲೆ ಮಂಗಳೂರು ಹೆಂಚು. ಸೂರಿನಿಂದ ಪೊಟ್ಟಣ ಕಟ್ಟುವ ದಾರ ಇಳಿಬಿದ್ದಿದೆ. ಗಾಜಿನ ಭರಣಿಗಳಲ್ಲಿ ಪೆಪ್ಪರಮೆಂಟು. ಕೆಳಗೆ ಗೋಣಿಚೀಲಗಳು ಬಾಯಿ ಮಡಚಿಕೊಂಡು ಕೂತಿವೆ. ಮೂರು ಚೀಲ ಪೂರ್ತಿ ಒಣಮೆಣಸಿನಕಾಯಿ.

ಮೆಣಸಿನಕಾಯಿ ಇಷ್ಟು ಯಾಕೆ? ನಿಮಗೆ ಹೇಳಬೇಕಾಗಿಲ್ಲ, ಮಗಳಿಗೆ ಹೇಳಿ. ಮಲೆನಾಡಿನಲ್ಲಿ ಮಳೆ ಹಿಡಿಯಿತು ಎಂದರೆ ತಿಂಗಳುಗಟ್ಟಲೆ ಪೇಟೆ ಕಡೆ ಹೋಗಲು ಆಗುತ್ತಿರಲಿಲ್ಲ. ಹಳ್ಳ ತುಂಬಿ ಕಾಲುಸಂಕ ಮುಳುಗುತ್ತಿತ್ತು. ಅದಕ್ಕೇ ಬೇಸಿಗೆ ಮುಗಿಯುವ ಮೊದಲೇ ಉಪ್ಪು, ಮೆಣಸಿನಕಾಯಿ, ಬೇಳೆ, ಬೆಲ್ಲ, ಸೀಮೆಎಣ್ಣೆ ತಂದು ಅಟ್ಟದಲ್ಲಿ ಇಟ್ಟುಕೊಳ್ಳಬೇಕು. ಎಷ್ಟೋ ಸಲ ಅದು ಉದ್ರಿ. ಅಡಿಕೆ ಕೊಯ್ದು, ಬೇಯಿಸಿ, ಒಣಗಿಸಿ, ಮಂಡಿಗೆ ಹಾಕಿದ ಮೇಲೆ ಬಾಕಿ ಚುಕ್ತಾ. ಅಡಿಕೆಯ ಬಗೆಗಳಾದ ಸರಕು, ಬೆಟ್ಟೆ, ರಾಶಿ, ಗೊರಬಲುಗಳಲ್ಲಿ ಯಾವುದಕ್ಕೆ ಎಷ್ಟು ದರ ಬಂತು ಎನ್ನುವುದು ಆ ಅಂಗಡಿಯವರಿಗೂ ಬಾಯಿಪಾಠ ಇರುತ್ತಿತ್ತು, ಯಾಕೆಂದರೆ ಅವರ ಖಾತೆ ಪುಸ್ತಕದ ಹಣ ಬರಬೇಕಾದ್ದು ಅಲ್ಲಿಂದಲೇ. ನಿಮ್ಮ ಅಪ್ಪಯ್ಯನ ಕೈಯಲ್ಲಿ ಮಡಚಿದ ಕೊಡೆ ಇದೆ, ನೆಲ ಒಣಗಿದೆ. ಮಳೆಗಾಲದ ಸಾಮಾನಿಗೆ ಬಂದಿದ್ದರು ಅಂತ ನನಗೆ ಅನ್ನಿಸುತ್ತದೆ.

ಫೋಟೊ ಚೌಕವಾಗಿದೆ, ಅಳೆದರೆ ಆರು ಸೆಂಟಿಮೀಟರ್. ಇದು ಸ್ಟುಡಿಯೋದ ದೊಡ್ಡ ಕ್ಯಾಮೆರಾ ಅಲ್ಲ, ಕೈಯಲ್ಲಿ ಹಿಡಿಯುವ ಸಣ್ಣ ಕ್ಯಾಮೆರಾ. ಆ ರೋಲಿನಲ್ಲಿ ಬರುತ್ತಿದ್ದುದು ಹನ್ನೆರಡೇ ಫೋಟೊ. ಸ್ಟುಡಿಯೋದವರು ತೊಳೆದು, ಅಚ್ಚು ಹಾಕಿ ಸ್ಟಾಂಪು ಒತ್ತಿ ಕೊಟ್ಟಿರಬೇಕು. ಹನ್ನೆರಡರಲ್ಲಿ ಒಂದನ್ನು ಯಾರೋ ಸ್ನೇಹಿತರು ನಿಮ್ಮ ಅಪ್ಪಯ್ಯನಿಗೆ, ಈ ಅಂಗಡಿಗೆ ಖರ್ಚು ಮಾಡಿದ್ದಾರೆ. ಅಂದರೆ ಇದು ಸುಮ್ನೆ ಸಿಕ್ಕ ಜಾಗ ಇರಲಾರದು. ಇಲ್ಲೇ ನಿಲ್ಲಬೇಕು ಅಂತ ಅನ್ನಿಸಿದ ಜಾಗ.

ಇನ್ನು ಬಲಗಡೆ ಅಂಚು. ಇದನ್ನು ನೀವು ಗಮನಿಸಿದ್ದೀರೋ ಇಲ್ಲವೋ. ಅಲ್ಲಿ ಒಬ್ಬ ಹುಡುಗ ಕೂತಿದ್ದಾನೆ. ಹತ್ತು ವರ್ಷ ಇರಬಹುದು. ಪೊಟ್ಟಣ ಕಟ್ಟುತ್ತಿದ್ದಾನೆ. ದಾರದ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದಾನೆ. ಕಣ್ಣು ಮಾತ್ರ ನೇರವಾಗಿ ಕ್ಯಾಮೆರಾ ಕಡೆ.

ಹಳೆ ಶಿವಮೊಗ್ಗವೇ ಚೆನ್ನಾಗಿತ್ತು ಅಲ್ವಾ ಎಂದು ಕೇಳಿದ್ದೀರಿ. ಆ ಹುಡುಗನನ್ನು ನೋಡಿದ ಮೇಲೆ ನಾನು ಹೌದು ಎನ್ನಲಾರೆ. ಅವನು ಶಾಲೆಯಲ್ಲಿ ಇರಬೇಕಿತ್ತು. ಇಡೀ ಫೋಟೊದಲ್ಲಿ ಒಬ್ಬ ಹೆಂಗಸೂ ಇಲ್ಲ, ಅದನ್ನೂ ನೋಡಿ. ಅಂಗಡಿಯವರು ಹೆಸರು ಹಿಡಿದು ಮಾತಾಡಿಸುತ್ತಿದ್ದರು, ಉದ್ರಿ ಕೊಡುತ್ತಿದ್ದರು, ಅದು ನಿಜ. ಆ ಪ್ರೀತಿ ಎಲ್ಲರಿಗೂ ಒಂದೇ ಥರ ಸಿಗುತ್ತಿರಲಿಲ್ಲ, ಅದೂ ನಿಜ. ಫೋಟೊದ ಬೆಲೆ ಇರುವುದು ಇಲ್ಲೇ. ನಮ್ಮ ನೆನಪು ತನಗೆ ಬೇಕಾದ್ದನ್ನು ಇಟ್ಟುಕೊಂಡು ಉಳಿದದ್ದನ್ನು ಬಿಟ್ಟುಬಿಡುತ್ತದೆ. ಫೋಟೊ ಆ ಹುಡುಗನನ್ನು ಬಿಟ್ಟಿಲ್ಲ.

ಅವನು ಈಗ ಇದ್ದರೆ ಎಪ್ಪತ್ತು ದಾಟಿರುತ್ತಾನೆ. ಅಂಗಡಿಯಲ್ಲಿ ಕೆಲಸಕ್ಕಿದ್ದ ಹುಡುಗನ ಮನೆಯವರು ಆಗ ಫೋಟೊ ತೆಗೆಸುವುದು ಎಲ್ಲಿಂದ? ಅವನ ಬಾಲ್ಯದ ಒಂದೇ ಒಂದು ಫೋಟೊ ನಿಮ್ಮ ಅಪ್ಪಯ್ಯನ ಪೆಟ್ಟಿಗೆಯಲ್ಲಿ ಇದ್ದಿರಬಹುದು. ಯಾರೋ ಜನ, ನಮಗೇನು ಸಂಬಂಧ ಎಂದಳಲ್ಲ ಮಗಳು, ಅವಳಿಗೆ ಇದನ್ನು ಹೇಳಿ. ನಿಮ್ಮ ಮನೆಯವರ ಫೋಟೊ ಕೂಡ ಹೀಗೇ ಇನ್ಯಾರದೋ ಆಲ್ಬಮ್ಮಿನ ಅಂಚಿನಲ್ಲಿ ಇರಬಹುದು.

ಗೋಡೆಗೆ ಫೋಟೊ ಬೇಕು, ಅದೂ ತಿಥಿಯೊಳಗೆ. ಅದಕ್ಕೆ ದಾರಿ ಇದೆ. ಮೂಲ ಫೋಟೊವನ್ನು ಎದುರಿಗೇ ನಿಂತು 1200 ಡಿಪಿಐನಲ್ಲಿ, ಅಂದರೆ ಇಂಚಿಗೆ 1200 ಚುಕ್ಕಿಯಂತೆ, ಸ್ಕ್ಯಾನ್ ಮಾಡಿಸಿ, ಕೂಡಲೇ ಜೇಬಿಗೆ ಹಾಕಿಕೊಂಡು ಬನ್ನಿ. ಅಲ್ಲೇ ಬಿಟ್ಟು ಬರಬೇಡಿ. ಆರು ಸೆಂಟಿಮೀಟರ್ ಫೋಟೊ ಆಗ ಒಂದೊಂದು ಬದಿಗೆ ಸುಮಾರು 2,800 ಚುಕ್ಕಿಗಳಾಗಿ ಸಿಗುತ್ತದೆ. ಇಂಚಿಗೆ 300 ಚುಕ್ಕಿಯಂತೆ ಅಚ್ಚು ಹಾಕಿದರೆ ಇಡೀ ಫೋಟೊ ಒಂಬತ್ತು ಇಂಚು ಚೌಕಕ್ಕೆ ಚೆನ್ನಾಗಿ ಬರುತ್ತದೆ. ಮುಖ ಇಡೀ ಫೋಟೊದ ಹತ್ತನೇ ಒಂದು ಪಾಲು ಅಗಲವೂ ಇಲ್ಲ. ಅದನ್ನು ಮಾತ್ರ ತೆಗೆದರೆ ಒಂದು ಇಂಚಿಗಿಂತ ದೊಡ್ಡದು ಮಾಡುವ ಹೊತ್ತಿಗೆ ಮಸುಕಾಗುತ್ತದೆ. ಅಂದರೆ ಮಗಳು ಹೇಳಿದ ಹಾಗೆ ಮಾಡಿದರೆ ಅಪ್ಪಯ್ಯನ ಮುಖವೂ ಸರಿಯಾಗಿ ಸಿಗುವುದಿಲ್ಲ. ಇಡೀ ಫೋಟೊವನ್ನೇ ಕಟ್ಟು ಹಾಕಿಸಿ. ಅಂಗಡಿ ಮುಂದೆ ಕೊಡೆ ಹಿಡಿದು ನಿಂತ ಅಪ್ಪಯ್ಯನಿಗೆ ಹಾರ ಹಾಕಿದರೆ ಯಾವ ತಪ್ಪೂ ಇಲ್ಲ.

ಮೂಲ ಪ್ರತಿಯನ್ನು ಕಾಗದದ ಲಕೋಟೆಯಲ್ಲಿಟ್ಟು ಬಿಗಿ ಮುಚ್ಚಳದ ಡಬ್ಬದಲ್ಲಿ ಇಡಿ. ಹೊಸ ಚಪ್ಪಲಿ, ಬ್ಯಾಗಿನ ಜೊತೆ ಬರುವ ಸಿಲಿಕಾ ಜೆಲ್ ಪುಟ್ಟ ಪೊಟ್ಟಣ ಎರಡು ಹಾಕಿ. ನಮ್ಮ ಕಡೆಯ ತೇವಕ್ಕೆ ಬೂಷ್ಟು ಹಿಡಿಯುವುದೇ ಜಾಸ್ತಿ. ಅಂಟಿಸುವ ಆಲ್ಬಮ್ ಬೇಡ, ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ಮನೆಯಲ್ಲಿ ಗಾಜಿಗೆ ಅಂಟಿಕೊಂಡ ಹಳೆ ಕಟ್ಟಿನ ಫೋಟೊ ಇದ್ದರೆ ಎಳೆದು ಬಿಡಿಸಲು ಹೋಗಬೇಡಿ, ಮುಖದ ಬಣ್ಣ ಗಾಜಿನ ಜೊತೆ ಹೋಗುತ್ತದೆ. ಗಾಜಿನ ಸಮೇತ ಸ್ಕ್ಯಾನ್ ಮಾಡಿಸಿ.

ನಿಮ್ಮ ಒಪ್ಪಿಗೆ ಇದ್ದರೆ ಮುಂದಿನ ಸಂಚಿಕೆಯಲ್ಲಿ ಇಡೀ ಫೋಟೊವನ್ನು ಒಂದು ಪುಟಕ್ಕೆ ಹಾಕುತ್ತೇವೆ. ಆ ಹುಡುಗನನ್ನು ಯಾರಾದರೂ ಗುರುತಿಸಬಹುದು. ಅಥವಾ ಅವರೇ ನೋಡಬಹುದು. ಅಲ್ಲಿಯವರೆಗೆ ಒಂದು ಕೆಲಸ ಮಾಡಿ. ಫೋಟೊದ ಹಿಂದೆ ಮೆತ್ತಗಿನ ಪೆನ್ಸಿಲಿನಲ್ಲಿ, ಒತ್ತದೆ, ಅಪ್ಪಯ್ಯನ ಹೆಸರು, ಊರು ಬರೆಯಿರಿ. "ಗಾಂಧಿ ಬಜಾರ್, ಶಿವಮೊಗ್ಗ, 1960–65" ಎಂದು ಬರೆದು ಮುಂದೆ ಪ್ರಶ್ನೆ ಚಿಹ್ನೆ ಹಾಕಿ. ಅದರ ಕೆಳಗೆ "ಬಲಗಡೆ ಕೂತಿರುವವರು" ಎಂದು ಬರೆದು, ಒಂದು ಹೆಸರಿನಷ್ಟು ಜಾಗ ಬಿಡಿ.